ಎರಡೇ ಸಾಲು ಇರುವ ಗೇಟು: ಕಲಬುರಗಿಯ ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ವ್ಯಕ್ತಿಗೆ ಆಗ 26 ವರ್ಷ. ಊರು ಆಳಂದ ತಾಲೂಕಿನ ಒಂದು ಹಳ್ಳಿ. ಮನೆಯಲ್ಲಿ ತೊಗರಿ ಬೇಸಾಯ. ಕಲಬುರಗಿಯಲ್ಲಿ ಪದವಿ ಮುಗಿಸಿ, ಇಲ್ಲೇ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ಲಗ್ನಪತ್ರಿಕೆ, ಫ್ಲೆಕ್ಸ್ ಬ್ಯಾನರ್ ಡಿಸೈನ್ ಮಾಡುತ್ತಾರೆ. ರಾತ್ರಿ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದು. ಹುಟ್ಟಿದಾಗ ಹೆಣ್ಣು ಎಂದು ಬರೆಸಿದ್ದಾರೆ. ಅವರು ತಮ್ಮನ್ನು ಹೆಣ್ಣು ಎಂದುಕೊಳ್ಳುವುದಿಲ್ಲ, ಗಂಡು ಎಂದೂ ಅಂದುಕೊಳ್ಳುವುದಿಲ್ಲ. ನಾನ್-ಬೈನರಿ ಎಂಬ ಪದ ಮೊಬೈಲಿನಲ್ಲಿ ಸಿಕ್ಕಿದ್ದು ಕಾಲೇಜಿನ ಕೊನೆಯ ವರ್ಷದಲ್ಲಿ. ಆ ಅನಿಸಿಕೆ ಮಾತ್ರ ಹೈಸ್ಕೂಲಿನಿಂದಲೇ ಇತ್ತು.

ನಾನು ಆಪ್ತ ಸಮಾಲೋಚಕಿ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಹೆಸರನ್ನೂ ಕೊಡುವುದಿಲ್ಲ. ಈ ವ್ಯಕ್ತಿಯನ್ನು ಇಲ್ಲಿ 'ಅವರು' ಎಂದೇ ಬರೆಯುತ್ತೇನೆ. ಅವರಿಗೆ ಹಿತವಾಗುವ ಮಾತೂ ಅದೇ.

ಏನಾಯಿತು

2024ರ ಆರಂಭದಲ್ಲಿ ಅವರು ಒಂದು ನೇಮಕಾತಿ ಪರೀಕ್ಷೆಗೆ ಹೋದರು. ಕೇಂದ್ರ ನಗರದಲ್ಲೇ ಇತ್ತು. ಅರ್ಜಿಯಲ್ಲಿ ಹೆಣ್ಣು ಎಂದಿತ್ತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜಾತಿ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರಿಗೆ ಕೊಡುವ 371(ಜೆ) ಮೀಸಲಾತಿ ಪ್ರಮಾಣಪತ್ರ ಎಲ್ಲದರಲ್ಲೂ ಹಾಗೇ ಇರುವಾಗ ಬೇರೆ ಬರೆಯುವುದು ಹೇಗೆ? ಅರ್ಧ ತೋಳಿನ ಸಾದಾ ಅಂಗಿ, ಕಾಟನ್ ಪ್ಯಾಂಟ್, ಚಪ್ಪಲಿ ಹಾಕಿದ್ದರು. ಕೂದಲು ಗಿಡ್ಡ. ಮಹಿಳೆಯರ ಸಾಲಿನಲ್ಲಿ ನಿಂತರು.

ಹಿಂದಿನವರು ಗುಸುಗುಸು ಶುರುಮಾಡಿದರು. ಒಬ್ಬರು ಸಿಬ್ಬಂದಿಯನ್ನು ಕರೆದು, "ಇಲ್ಲಿ ಯಾವನೋ ಹುಡುಗ ನಿಂತಾನ ನೋಡ್ರಿ" ಎಂದರು. ಸಿಬ್ಬಂದಿ ಅವರನ್ನು ಗಂಡಸರ ಸಾಲಿಗೆ ಕಳಿಸಿದರು. ಅಲ್ಲಿ ಹಾಲ್ ಟಿಕೆಟ್ ನೋಡಿದವರು "ಇದು ಲೇಡೀಸ್ ಅದ, ಆ ಕಡಿ ಹೋಗ್ರಿ" ಎಂದು ವಾಪಸ್ ಕಳಿಸಿದರು. ಮತ್ತೆ ಮಹಿಳೆಯರ ಸಾಲಿನ ಕೊನೆಗೆ ಹೋಗಿ ನಿಂತರು. ಸರದಿ ಬಂದಾಗ ತಪಾಸಣೆಯ ಮಹಿಳಾ ಸಿಬ್ಬಂದಿಯ ಕೈಗೆ ಎದೆಯ ಸುತ್ತ ಬಿಗಿಯಾಗಿ ಸುತ್ತಿದ ಬಟ್ಟೆ ತಾಗಿತು. ಆ ಸಿಬ್ಬಂದಿ ಹಿಂದೆ ಸರಿದು ಜೋರಾಗಿ ಕೂಗಿದರು: "ಒಳಗ ಏನೋ ಕಟ್ಕೊಂಡದ ನೋಡ್ರಿ ಇದು."

ಅದು ಕ್ರೇಪ್ ಬ್ಯಾಂಡೇಜ್. ಕಾಲು ಉಳುಕಿದಾಗ ಸುತ್ತುತ್ತೇವಲ್ಲ, ಅದೇ. ಎದೆ ಕಾಣಬಾರದೆಂದು ಅವರು ದಿನವೂ ಅದನ್ನು ಸುತ್ತಿಕೊಳ್ಳುತ್ತಿದ್ದರು. ಅಲ್ಲಿಯೇ ಅಂಗಿ ಎತ್ತಿ ತೋರಿಸಲು ಹೇಳಿದರು. ಒಂದು ರೂಮಿನಲ್ಲಿ ನೋಡಿ ಎಂದು ಇವರು ಕೇಳಿಕೊಂಡರು. ರೂಮಿನ ಕೀಲಿ ಯಾರ ಹತ್ತಿರ ಇದೆ, ಯಾರನ್ನು ಕೇಳಬೇಕು ಎನ್ನುವಷ್ಟರಲ್ಲಿ ಗೇಟು ಮುಚ್ಚುವ ಸಮಯ ಬಂತು. ಗೇಟು ಮುಚ್ಚಿತು. ವರ್ಷವಿಡೀ ಓದಿದ ಪರೀಕ್ಷೆ ಹಾಗೆ ಹೋಯಿತು.

ಯಾರೂ ಹೊಡೆಯಲಿಲ್ಲ. ಕೆಟ್ಟ ಬೈಗುಳ ಬೈಯಲಿಲ್ಲ. ಅಲ್ಲಿದ್ದ ಎಲ್ಲರಿಗೂ ತಮ್ಮ ಕೆಲಸ ಸರಿಯಾಗಿ ಮಾಡಿದ ನೆಮ್ಮದಿ ಇದ್ದಿರಬೇಕು. ನನ್ನನ್ನು ಬಹಳ ಕಾಡುವುದು ಇದೇ.

ಗೇಟು ಇಷ್ಟು ಬಿಗಿ ಯಾಕೆ

ಕಲಬುರಗಿಯಲ್ಲಿ ಪರೀಕ್ಷೆ ಬರೆಯುವವರಿಗೆ ಇದನ್ನು ವಿವರಿಸಬೇಕಿಲ್ಲ. 2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆಯ ಅಕ್ರಮ ಇಲ್ಲಿಂದಲೇ ಬಯಲಾಯಿತು. 2022ರ ಏಪ್ರಿಲ್‌ನಲ್ಲಿ ಸರ್ಕಾರ ಆ ಪರೀಕ್ಷೆಯನ್ನೇ ರದ್ದು ಮಾಡಿತು. 2023ರ ಅಕ್ಟೋಬರ್ 28ರಂದು ನಿಗಮ ಮಂಡಳಿಗಳ ಪರೀಕ್ಷೆಯಲ್ಲಿ ಕಲಬುರಗಿ, ಯಾದಗಿರಿ ಕೇಂದ್ರಗಳಲ್ಲಿ ಬ್ಲೂಟೂತ್ ಬಳಸಿ ಉತ್ತರ ಕೇಳಿಸಿಕೊಂಡವರು ಸಿಕ್ಕಿಬಿದ್ದರು. ಪ್ರಾಮಾಣಿಕವಾಗಿ ಓದಿದ ಸಾವಿರಾರು ಮಕ್ಕಳಿಗೆ ಅದು ದೊಡ್ಡ ಮೋಸ. ಹಾಗಾಗಿ ತಪಾಸಣೆ ಬಿಗಿಯಾದದ್ದು ಸರಿಯೇ. ನಮ್ಮ ಈ ವ್ಯಕ್ತಿಯೂ ಅದನ್ನೇ ಹೇಳಿದರು: "ತಪಾಸಣಿ ಬ್ಯಾಡ ಅನ್ನಂಗಿಲ್ರಿ ನಾ. ಕಳ್ಳರು ಪಾಸಾದ್ರ ನಂದೇ ಸೀಟು ಹೋಗ್ತದ."

ಆ ಗಲಾಟೆಯ ನಂತರ ಪರೀಕ್ಷಾ ಪ್ರಾಧಿಕಾರ ವಸ್ತ್ರಸಂಹಿತೆ ತಂದಿತು. ಅದು ಎರಡು ಪಟ್ಟಿ. ಗಂಡಸರಿಗೆ ಅರ್ಧ ತೋಳಿನ ಅಂಗಿ, ಆದಷ್ಟೂ ಕಾಲರ್ ಇಲ್ಲದ್ದು. ಜೀನ್ಸ್ ಬೇಡ, ಶೂ ಬೇಡ. ಹೆಂಗಸರಿಗೆ ಕಸೂತಿ, ಹೂವು, ಗುಂಡಿ ಇರುವ ಬಟ್ಟೆ ಬೇಡ, ತುಂಬು ತೋಳು ಬೇಡ. ಒಡವೆಯೂ ಬೇಡ, ಆದರೆ ಮಂಗಳಸೂತ್ರ ಮತ್ತು ಕಾಲುಂಗುರ ಇರಬಹುದು.

ಮಂಗಳಸೂತ್ರದ ಈ ವಿನಾಯಿತಿಗೆ ಹಿಂದೆ ಒಂದು ಕಥೆ ಇದೆ. 2023ರ ನವೆಂಬರ್ ಮೊದಲ ವಾರ ಕಲಬುರಗಿಯಲ್ಲೇ ಒಂದು ಪರೀಕ್ಷೆಯಲ್ಲಿ ಮಹಿಳೆಯರ ತಾಳಿ ತೆಗೆಸಿದ್ದು ದೊಡ್ಡ ಸುದ್ದಿಯಾಯಿತು. ರಾಜ್ಯದ ತುಂಬ ಜನ ಸಿಟ್ಟಾದರು. ಆಮೇಲೆ ಹೊರಬಂದ ನಿಯಮದಲ್ಲಿ ತಾಳಿಗೆ ಜಾಗ ಸಿಕ್ಕಿತು. ಸಿಗಬೇಕಾದ್ದೇ. ನಾನು ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಿಯಮ ಕಲ್ಲಿನಲ್ಲಿ ಕೆತ್ತಿದ್ದಲ್ಲ. ಅವಮಾನ ಆಯಿತು ಎಂದು ಜನ ಒಪ್ಪಿದರೆ ಕೆಲವೇ ದಿನದಲ್ಲಿ ಬದಲಾಗುತ್ತದೆ. ತಾಳಿ ಹಾಕಿದವರ ಪರವಾಗಿ ಕೇಳಲು ಇಡೀ ಊರು ಇತ್ತು. ಇವರ ಪರವಾಗಿ ಆ ದಿನ ಗೇಟಿನಲ್ಲಿ ಒಬ್ಬರೂ ಇರಲಿಲ್ಲ.

ಬಂದಾಗ ಇದ್ದ ಸ್ಥಿತಿ

ಅಂಗಡಿಯ ಸಹೋದ್ಯೋಗಿ ಒಬ್ಬರು ಕರೆತಂದರು. ಸರಿಯಾಗಿ ಊಟ, ನಿದ್ದೆ ಇರಲಿಲ್ಲ. ಪುಸ್ತಕ ಮುಟ್ಟಿದರೆ ಕೈ ನಡುಗುತ್ತದೆ ಎಂದರು. ಸಾಯುವ ಯೋಚನೆ ಬಂದಿದೆಯಾ ಎಂದು ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಯೋಚನೆ ಹುಟ್ಟುತ್ತದೆ ಎಂದು ಹಲವರು ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳಿದರೆ ಮನಸ್ಸು ಹಗುರಾಗುವುದೇ ಜಾಸ್ತಿ. ಬಂದು ಹೋಗುತ್ತದೆ, ಆದರೆ ಹಾಗೇನೂ ಮಾಡಿಕೊಳ್ಳಲ್ಲ ಎಂದರು. ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಅವರ ಫೋನಿನಲ್ಲಿ ಸೇವ್ ಮಾಡಿಸಿದೆ. ಸಹೋದ್ಯೋಗಿಗೂ ಕೊಟ್ಟೆ.

ಮೊದಲು ಮಾತಾಡಿದ್ದು ಬ್ಯಾಂಡೇಜ್ ಬಗ್ಗೆ. ಮನಸ್ಸಿನ ಮಾತು ಬಿಟ್ಟು ಇದೇನು ಎಂದು ಅನಿಸಬಹುದು. ಆದರೆ ಇದು ಉಸಿರಿನ ವಿಷಯ. ಕ್ರೇಪ್ ಬ್ಯಾಂಡೇಜ್ ಉಸಿರಾಡುವಾಗ ಇನ್ನೂ ಬಿಗಿಯುತ್ತಾ ಹೋಗುತ್ತದೆ, ಪಕ್ಕೆಲುಬಿಗೆ ಪೆಟ್ಟಾಗಬಹುದು. ಇದಕ್ಕೆಂದೇ ಹೊಲಿದ ಬೈಂಡರ್ ಆದರೂ ದಿನಕ್ಕೆ 8 ಗಂಟೆ ಮೀರಬಾರದು, ಹಾಕಿಕೊಂಡು ಮಲಗಲೇಬಾರದು. ಇವರು ಬೆಳಿಗ್ಗೆಯಿಂದ ರಾತ್ರಿ ಲೈಬ್ರರಿ ಮುಚ್ಚುವ ತನಕ ಬಿಚ್ಚುತ್ತಿರಲಿಲ್ಲ. ಮೇ ತಿಂಗಳಲ್ಲಿ 42, 43 ಡಿಗ್ರಿ ಮುಟ್ಟುವ ಊರಿನಲ್ಲಿ! ಚರ್ಮ ಗಾಯವಾಗಿತ್ತು. ಮೊದಲ ಭೇಟಿಯಲ್ಲೇ ಚರ್ಮದ ವೈದ್ಯರ ಹತ್ತಿರ ಕಳಿಸಿದೆ. ಬ್ಯಾಂಡೇಜ್ ಬದಲು ಬಿಗಿಯಾದ ಸ್ಪೋರ್ಟ್ಸ್ ಬನಿಯನ್ ಸಾಕಾಗುತ್ತದಾ ನೋಡಿ ಎಂದೆ. ಒಪ್ಪಲು ಸಮಯ ಹಿಡಿಯಿತು.

ದಿನದ ಲೆಕ್ಕಾಚಾರ

ಗೇಟಿನ ಘಟನೆ ಒಂದೇ ಆಗಿದ್ದರೆ ಅವರು ಇಷ್ಟು ಕುಸಿಯುತ್ತಿರಲಿಲ್ಲ. ಅದರ ಹಿಂದೆ ವರ್ಷಗಟ್ಟಲೆ ಸವೆತ ಇತ್ತು. ಅದನ್ನು ತಿಳಿಯಲು ಒಂದು ವಾರ ದಿನಚರಿ ಬರೆದು ತರಲು ಹೇಳಿದೆ. ಎಲ್ಲೆಲ್ಲಿ 'ಈಗ ನಾನು ಏನಾಗಿ ಕಾಣಬೇಕು' ಎಂದು ಯೋಚಿಸಿದರೋ ಅದನ್ನಷ್ಟೇ ಬರೆಯಬೇಕು. ಪುಟಗಟ್ಟಲೆ ಬಂತು.

ಬಸ್ಸು. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತು. ಮಹಿಳೆಯರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಸಾಮಾನ್ಯ ಬಸ್ಸಿನಲ್ಲಿ ಉಚಿತ. ಯಾವ ಕಡೆಯಿಂದ ನೋಡಿದರೂ ಅವರು ದುಡ್ಡು ಕೊಡಬೇಕಿಲ್ಲ. ಆದರೆ ಕಂಡಕ್ಟರ್ ಕೈಚಾಚಿದಾಗ ಆಧಾರ್ ತೋರಿಸಿ, ಆತ ಫೋಟೋ ನೋಡಿ, ಮುಖ ನೋಡಿ, ಮತ್ತೆ ಫೋಟೋ ನೋಡಿ, ಅಷ್ಟರಲ್ಲಿ ಸುತ್ತಲಿನ ಸೀಟಿನವರೆಲ್ಲ ತಿರುಗುತ್ತಾರೆ. ಅದಕ್ಕೇ ಎಷ್ಟೋ ಸಲ ಸುಮ್ನೆ ಟಿಕೆಟ್ ತೆಗೆದುಕೊಂಡುಬಿಡುತ್ತಾರೆ. ತಮ್ಮ ಹಕ್ಕಿನ ಪ್ರಯಾಣಕ್ಕೆ ದುಡ್ಡು ಕೊಟ್ಟು ನೆಮ್ಮದಿ ಕೊಳ್ಳುವುದು ಇದು. ತಿಂಗಳಿಗೆ ಸಂಬಳ ಎಷ್ಟೆಂದು ಗೊತ್ತಿರುವ ನನಗೆ ಇದನ್ನು ಓದಿ ಹೊಟ್ಟೆ ಉರಿಯಿತು.

ಊರಿಗೆ ಹೋಗುವ ದಿನ ಆಳಂದ ರಸ್ತೆಯಲ್ಲಿ ಕಡಗಂಚಿ ದಾಟಿದ ಮೇಲೆ ಬ್ಯಾಗಿನಿಂದ ದುಪಟ್ಟಾ ಹೊರಬರುತ್ತದೆ. ಸೆಂಟ್ರಲ್ ಯೂನಿವರ್ಸಿಟಿಯ ಹುಡುಗ ಹುಡುಗಿಯರು ಅಲ್ಲಿ ಇಳಿದುಬಿಡುತ್ತಾರೆ, ಬಸ್ಸಿನಲ್ಲಿ ಉಳಿಯುವುದು ಊರಕಡೆಯವರು. ವಾಪಸ್ ಬರುವಾಗ ಅದೇ ಜಾಗದಲ್ಲಿ ದುಪಟ್ಟಾ ಒಳಗೆ.

ಕೂದಲು ಕತ್ತರಿಸುವುದು ಇನ್ನೊಂದು. ಬ್ಯೂಟಿ ಪಾರ್ಲರಿನಲ್ಲಿ 'ಇಷ್ಟು ಗಿಡ್ಡ ಬೇಡಮ್ಮ, ಮದುವೆ ಆಗಬೇಕು' ಎಂಬ ಬುದ್ಧಿವಾದ. ಕಟಿಂಗ್ ಅಂಗಡಿಯಲ್ಲಿ ಕೂತವರೆಲ್ಲ ಮಾತು ನಿಲ್ಲಿಸಿ ನೋಡುತ್ತಾರೆ. ಕೊನೆಗೆ ಒಬ್ಬ ವಯಸ್ಸಾದ ಕ್ಷೌರಿಕರು ಸಿಕ್ಕರು. ಮಧ್ಯಾಹ್ನ ಗಿರಾಕಿ ಇಲ್ಲದಾಗ ಬಾ ಎಂದರು, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅಂದಿನಿಂದ ಅವರ ಹತ್ತಿರವೇ.

ಟಾಯ್ಲೆಟ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಎರಡು ಬಾಗಿಲು, ಎರಡರಲ್ಲೂ ಹೆದರಿಕೆ. ಅದಕ್ಕೆ ಹೊರಗೆ ಹೊರಟರೆ ನೀರು ಕುಡಿಯುವುದಿಲ್ಲ. ಮೂತ್ರದ ಸೋಂಕು ಮತ್ತೆ ಮತ್ತೆ ಆಗಿತ್ತು.

ಅಂಗಡಿಯಲ್ಲಿ ದಿನವೂ 'ಚಿ. ರಾ.', 'ಚಿ. ಕುಂ. ಸೌ.' ಟೈಪ್ ಮಾಡುತ್ತಾರೆ. ಎಡಕ್ಕೆ ವರ, ಬಲಕ್ಕೆ ವಧು. ಅದರಿಂದ ಬೇಜಾರಾಗುತ್ತದಾ ಎಂದು ಕೇಳಿದೆ. ಇಲ್ಲ, ಮದುವೆ ಕಾರ್ಡು ಮಾಡುವುದು ಬಹಳ ಇಷ್ಟ ಎಂದರು. ಬಣ್ಣ, ಅಕ್ಷರ, ಬಾರ್ಡರ್ ಬಗ್ಗೆ ಮಾತಾಡುವಾಗ ಅವರ ಮುಖ ಅರಳಿತು. ಮಾಲೀಕರು ಗಿರಾಕಿಗಳ ಮುಂದೆ "ಅವ್ರು ಮಾಡಿಕೊಡ್ತಾರ, ಅವ್ರನ್ನ ಕೇಳ್ರಿ" ಎನ್ನುತ್ತಾರಂತೆ. ನಮ್ಮ ಕನ್ನಡದಲ್ಲಿ ಮರ್ಯಾದೆ ಕೊಟ್ಟು ಮಾತಾಡಿದರೆ ಅರ್ಧ ಸಮಸ್ಯೆ ಅಲ್ಲೇ ಇಲ್ಲದಾಗುತ್ತದೆ ಅಲ್ವಾ? ಏಕವಚನಕ್ಕೆ ಇಳಿದಾಗಲೇ 'ಬಂದಾನ', 'ಬಂದಾಳ', 'ಬಂದದ' ಶುರು.

ದಿನಚರಿಯಲ್ಲಿ ಒಂದು ಸಂತೋಷದ ಸಾಲೂ ಇತ್ತು. ಬೇಸಿಗೆ ಅವರಿಗೆ ಇಷ್ಟ. ಬಿಸಿಲಿಗೆ ಊರಿಗೆ ಊರೇ ತಲೆ, ಮುಖಕ್ಕೆ ಬಟ್ಟೆ ಸುತ್ತಿಕೊಂಡು ಓಡಾಡುತ್ತದೆ. ಕಣ್ಣಷ್ಟೇ ಕಾಣುತ್ತದೆ. ಆಗ ಸೂಪರ್ ಮಾರ್ಕೆಟ್‌ನಲ್ಲಿ ಯಾರೂ ಯಾರನ್ನೂ ಗಂಡೋ ಹೆಣ್ಣೋ ಎಂದು ನೋಡುವುದಿಲ್ಲ. "ಮೂರು ತಿಂಗಳು ನಾ ಎಲ್ಲಾರಂಗ" ಎಂದು ಬರೆದಿದ್ದರು.

ಪರಿಚಯವಿದ್ದೂ ಗೊತ್ತಿಲ್ಲದ್ದು

ನಮ್ಮ ಭಾಗದಲ್ಲಿ ಜೋಗಪ್ಪಂದಿರನ್ನು, ಮಂಗಳಮುಖಿಯರನ್ನು ಕಾಣದವರಿಲ್ಲ. ಮಂಜಮ್ಮ ಜೋಗತಿ ಅವರು 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ನಮಗೆಲ್ಲ ಹೆಮ್ಮೆಯ ವಿಷಯ. ಆದರೆ ಆ ಪರಂಪರೆಗಳಲ್ಲಿ ಇರುವವರು ಹೆಚ್ಚಾಗಿ ಗಂಡಾಗಿ ಹುಟ್ಟಿದವರು. ಅವರಿಗೆ ಗುರು ಇದ್ದಾರೆ, ಜಮಾತ್ ಎಂಬ ತಮ್ಮವರ ಕೂಟ ಇದೆ, ದೇವಿ ಇದ್ದಾಳೆ, ಜಾತ್ರೆಯಲ್ಲಿ ಒಂದು ಸ್ಥಾನ ಇದೆ. ಕಷ್ಟವೂ ಬೆಟ್ಟದಷ್ಟಿದೆ, ಅದನ್ನು ಮರೆಯುತ್ತಿಲ್ಲ. ಹೆಣ್ಣು ಎಂದು ಬೆಳೆಸಿದ ಮಗು, ತಾನು ಎರಡೂ ಅಲ್ಲ ಎಂದರೆ ಅದಕ್ಕೆ ಹೋಗಿ ಸೇರಲು ಅಂಥದೊಂದು ಮನೆ ಇಲ್ಲ. ಜನಕ್ಕೆ ಅದು 'ಗಂಡುಬೀರಿ' ಅಷ್ಟೇ. ಮದುವೆ ಆದರೆ ಸರಿಹೋಗುವ ಹಟ.

2011ರ ಜನಗಣತಿಯಲ್ಲಿ ಗಂಡು ಹೆಣ್ಣಿನ ಜೊತೆ 'ಇತರೆ' ಎಂಬ ಆಯ್ಕೆ ಇತ್ತು. ದೇಶದಲ್ಲಿ 4,87,803 ಮಂದಿ, ಕರ್ನಾಟಕದಲ್ಲಿ 20,266 ಮಂದಿ ಅದರಲ್ಲಿ ಎಣಿಕೆಯಾದರು. ಆಗ ಇವರಿನ್ನೂ ಶಾಲೆಯಲ್ಲಿದ್ದರು. ಮನೆಗೆ ಬಂದ ಮೇಷ್ಟ್ರಿಗೆ ತಂದೆ "ಎರಡು ಹೆಣ್ಣು" ಎಂದಿದ್ದು ನೆನಪಿದೆಯಂತೆ.

ನಗರದ ಒಬ್ಬ ಹಿರಿಯ ಮಂಗಳಮುಖಿಯನ್ನು ಪರಿಚಯಿಸಿದೆ. ಇಬ್ಬರೂ ಚಹಾ ಕುಡಿಯುತ್ತಾ ಬಹಳ ಹೊತ್ತು ಮಾತಾಡಿದರು. ಕೊನೆಗೆ ಆ ಹಿರಿಯರು ಹೇಳಿದ್ದು: "ನೀ ನಮ್ಮಂಗ ಅಲ್ಲ. ಆದ್ರ ನಮಗ ಹೊರಗಿನ ಮಂದಿನೂ ಅಲ್ಲ. ಆಫೀಸಿನ ಕೆಲಸ ಇದ್ರ ಫೋನ್ ಮಾಡು, ಯಾವ ಟೇಬಲ್ ಅಂತ ನಂಗ ಗೊತ್ತದ." ಮುಂದೆ ಇದೇ ಬಹಳ ಉಪಯೋಗಕ್ಕೆ ಬಂತು.

ಮುಂದೆ ಇದ್ದ ದಾರಿಗಳು

ಕೆಲವು ತಿಂಗಳಲ್ಲಿ ಇನ್ನೊಂದು ಪರೀಕ್ಷೆ ಇತ್ತು. ಹೋಗುವುದೋ ಬೇಡವೋ ಎಂಬುದೇ ಮೊದಲ ಪ್ರಶ್ನೆ. ಬೇಡ ಎಂದರೆ ಪ್ರಿಂಟಿಂಗ್ ಅಂಗಡಿಯಲ್ಲೇ ಇರಬಹುದು, ಆದರೆ ನೌಕರಿ ಸಿಗದೆ ಮನೆಯಲ್ಲಿ ಮದುವೆ ಮಾತು ನಿಲ್ಲುವುದಿಲ್ಲ. ಸ್ವಂತ ಸಂಬಳ, ಸ್ವಂತ ಬಾಡಿಗೆ ಮನೆ ಎಂಬುದು ಅವರ ಪಾಲಿಗೆ ಆಸೆಯಷ್ಟೇ ಅಲ್ಲ, ರಕ್ಷಣೆ.

ಉದ್ದ ಕೂದಲು ಬೆಳೆಸಿ, ಚೂಡಿದಾರ ಹಾಕಿ, ಹೆಣ್ಣಾಗಿಯೇ ಸಾಲಿನಲ್ಲಿ ನಿಲ್ಲುವುದು ಎರಡನೇ ದಾರಿ. ಅಕ್ಕ ಇದನ್ನೇ ಹೇಳಿದರು: "ಒಂದೇ ದಿನದ ಮಾತು, ಏನಾಗ್ತದ?" ಅಕ್ಕನ ಪ್ರೀತಿಯಲ್ಲಿ ಕಪಟವಿಲ್ಲ. ಆದರೆ ಅವರಿಗೆ ದಿನವೂ ಒಂದಲ್ಲ ಒಂದು ಕಡೆ 'ಒಂದು ದಿನದ ಮಾತು' ಇದ್ದೇ ಇರುತ್ತದೆ. ದಿನಚರಿಯ ಪುಟಗಳನ್ನು ಅಕ್ಕನಿಗೆ ಓದಿಸಲು ಅವರೇ ಒಪ್ಪಿದರು. ಓದಿದ ಮೇಲೆ ಅಕ್ಕ ಆ ಮಾತು ಎತ್ತಲಿಲ್ಲ.

ಮೂರನೆಯದು ಕಾನೂನಿನ ದಾರಿ. 2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ತನ್ನ ಲಿಂಗತ್ವ ಯಾವುದೆಂದು ಹೇಳುವ ಹಕ್ಕು ಆಯಾ ವ್ಯಕ್ತಿಗೇ ಇದೆ ಎಂದಿತು. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆ ಕಾನೂನಿನ ವ್ಯಾಖ್ಯೆಯಲ್ಲಿ ಹಿಜ್ರಾ, ಜೋಗ್ತಾ ಜೊತೆಗೆ 'ಜೆಂಡರ್‌ಕ್ವಿಯರ್' ಎಂಬ ಪದವೂ ಇತ್ತು. ಅಂದರೆ ಇವರಂಥವರೂ ಅದರೊಳಗೆ ಬರುತ್ತಿದ್ದರು. ಆಗ ಇದ್ದ 2020ರ ನಿಯಮಗಳ ಪ್ರಕಾರ ಅಫಿಡವಿಟ್ ಜೊತೆ ಅರ್ಜಿ ಹಾಕಿದರೆ ಜಿಲ್ಲಾಧಿಕಾರಿ ಟ್ರಾನ್ಸ್‌ಜೆಂಡರ್ ಗುರುತಿನ ಪ್ರಮಾಣಪತ್ರ ಕೊಡಬೇಕಿತ್ತು, ಅದಕ್ಕೆ ದೇಹ ಪರೀಕ್ಷೆ ಬೇಕಿರಲಿಲ್ಲ. ಕರ್ನಾಟಕ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್‌ಜೆಂಡರ್ ಅಭ್ಯರ್ಥಿಗಳಿಗೆ ಪ್ರತಿ ವರ್ಗದೊಳಗೂ ಶೇ. 1 ಮೀಸಲಾತಿ ತಂದಿತು. ದೇಶದಲ್ಲೇ ಮೊದಲು. ಅಭ್ಯರ್ಥಿ ಸಿಗದಿದ್ದರೆ ಆ ಹುದ್ದೆ ಅದೇ ವರ್ಗದ ಗಂಡು ಅಥವಾ ಹೆಣ್ಣು ಅಭ್ಯರ್ಥಿಗೆ ಹೋಗುತ್ತದೆ.

ಹಾಗಾದರೆ ಪ್ರಮಾಣಪತ್ರ ತೆಗೆದುಕೊಂಡರಾಯಿತಲ್ಲ ಎನ್ನಬಹುದು. ಅವರ ಹೆದರಿಕೆ ಬೇರೆ ಇತ್ತು. ಆಯ್ಕೆ ಪಟ್ಟಿ ಎಲ್ಲರಿಗೂ ಕಾಣುವಂತೆ ಹೊರಬರುತ್ತದೆ. ಹೆಸರಿನ ಮುಂದೆ ಮೀಸಲಾತಿ ವರ್ಗ ಇರುತ್ತದೆ. ಪಾಸಾದವರ ಪಟ್ಟಿ ಹಳ್ಳಿಯ ವಾಟ್ಸ್ಆ್ಯಪ್ ಗ್ರೂಪಿಗೆ ಅರ್ಧ ಗಂಟೆಯಲ್ಲಿ ಬರುತ್ತದೆ. ತಾವು ಬಾಯಿಬಿಟ್ಟು ಹೇಳದ ಮಾತನ್ನು ತಂದೆ ತಾಯಿ ಬೇರೆಯವರ ಫೋನಿನಲ್ಲಿ ಓದಬಾರದು ಎಂಬುದು ಅವರ ಹಟ. ನನಗೂ ಅದು ಸರಿ ಕಂಡಿತು. ಹೊರಗೆ ಹೇಳಿಕೊಂಡರೆ ಧೈರ್ಯ, ಹೇಳದಿದ್ದರೆ ಅಂಜುಬುರುಕತನ ಎಂದು ಅಳೆಯುವುದನ್ನು ನಾನು ಒಪ್ಪುವುದಿಲ್ಲ. ಯಾರಿಗೆ, ಯಾವಾಗ ಹೇಳಬೇಕು ಎಂಬುದು ಅವರ ಕೈಯಲ್ಲೇ ಇರಬೇಕು.

ಆದ್ದರಿಂದ ಎರಡನೇ ಪರೀಕ್ಷೆಗೆ ಅರ್ಜಿಯಲ್ಲಿ ಹೆಣ್ಣು ಎಂದೇ ಇರಲಿ, ಬಟ್ಟೆ ಕೂದಲು ತಮಗೆ ಬೇಕಾದಂತೆ ಇರಲಿ, ಬದಲಾಗಬೇಕಾದದ್ದು ಗೇಟಿನ ವ್ಯವಸ್ಥೆ ಎಂದು ತೀರ್ಮಾನಿಸಿದೆವು.

ಪತ್ರ

ಹಾಲ್ ಟಿಕೆಟ್ ಬಂದ ದಿನವೇ ಕೇಂದ್ರದ ಮುಖ್ಯ ಅಧೀಕ್ಷಕರಿಗೆ ಒಂದು ಪತ್ರ, ಅದರ ಪ್ರತಿ ಜಿಲ್ಲಾಡಳಿತಕ್ಕೆ. ಪತ್ರ ಹೇಗಿರಬೇಕು ಎಂಬುದಕ್ಕೇ ಬಹಳ ಚರ್ಚೆ ನಡೆಯಿತು. ಮೊದಲ ಕರಡಿನಲ್ಲಿ ಅವರು ತಮ್ಮ ಬಾಲ್ಯದಿಂದ ಎಲ್ಲ ಬರೆದಿದ್ದರು. ಅದನ್ನೆಲ್ಲ ತೆಗೆಸಿದೆ. ತಪಾಸಣೆ ಮಾಡುವವರಿಗೆ ಯಾರ ಜೀವನ ಚರಿತ್ರೆಯೂ ಬೇಕಿಲ್ಲ, ಕೇಳುವ ಹಕ್ಕೂ ಇಲ್ಲ. ಉಳಿದದ್ದು ಇಷ್ಟು: ನನ್ನ ದಾಖಲೆಯಲ್ಲಿ ಹೆಣ್ಣು ಎಂದಿದೆ, ನನ್ನ ಉಡುಪು ಮತ್ತು ಕೂದಲು ನೋಡಿ ಗೊಂದಲ ಆಗಬಹುದು. ಪೂರ್ತಿ ತಪಾಸಣೆಗೆ ನಾನು ಸಿದ್ಧ, ಮಹಿಳಾ ಸಿಬ್ಬಂದಿಯಿಂದ, ಮರೆ ಇರುವ ಜಾಗದಲ್ಲಿ ಆಗಲಿ. ಗೇಟು ತೆರೆಯುವ ಹೊತ್ತಿಗೇ ಬಂದಿರುತ್ತೇನೆ. ಕೆಳಗೆ ಹಾಲ್ ಟಿಕೆಟ್ ನಂಬರು, ಸಹಿ.

ಉಡುಪಿನ ವಿಷಯದಲ್ಲಿ ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಓದಿದೆವು. ಕಾಲರ್ ಇಲ್ಲದ, ಗುಂಡಿ ಇಲ್ಲದ ಅರ್ಧ ತೋಳಿನ ಟೀ ಶರ್ಟ್, ದೊಡ್ಡ ಜೇಬಿಲ್ಲದ ಸಾದಾ ಕಾಟನ್ ಪ್ಯಾಂಟ್, ಚಪ್ಪಲಿ. ಎರಡೂ ಪಟ್ಟಿಗೆ ಹೊಂದುತ್ತಿತ್ತು. ಒಳಗೆ ಸಾದಾ ಬನಿಯನ್. ಬ್ಯಾಂಡೇಜ್ ಆ ಹೊತ್ತಿಗೆ ಬಿಟ್ಟಿದ್ದರು.

ಪತ್ರಕ್ಕೆ ಲಿಖಿತ ಉತ್ತರ ಬರಲಿಲ್ಲ. ಮಂಗಳಮುಖಿ ಹಿರಿಯರು ಯಾವ ಟೇಬಲ್ ಎಂದು ವಿಚಾರಿಸಿ, ಪತ್ರ ತಲುಪಿದೆ ಎಂಬುದನ್ನಂತೂ ಖಚಿತ ಮಾಡಿದರು. ಪರೀಕ್ಷೆಯ ಬೆಳಿಗ್ಗೆ ಅಕ್ಕ ಹುಮನಾಬಾದಿನಿಂದ ಬಂದು ಗೇಟಿನ ತನಕ ಜೊತೆಗಿದ್ದರು. ಮತ್ತೆ ಅದೇ ಗುಸುಗುಸು, ಅದೇ ನೋಟ. ಆದರೆ ಈ ಸಲ ಮಹಿಳಾ ಪೇದೆಯೊಬ್ಬರು ಹತ್ತಿರ ಬಂದು ಮೆಲ್ಲಗೆ, "ಪತ್ರ ಕೊಟ್ಟವ್ರು ನೀವೇ ಏನ್ರಿ? ಬರ್ರಿ ಈ ಕಡಿ" ಎಂದರು. ಕಚೇರಿಯ ಪಕ್ಕದ ಕೋಣೆಗೆ ಕರೆದೊಯ್ದರು. ಒಬ್ಬ ಶಿಕ್ಷಕಿಯೂ ಇದ್ದರು. ಮುಟ್ಟುವ ಮೊದಲು "ಈಗ ಭುಜ ನೋಡ್ತೀನಿ, ಈಗ ಬೆನ್ನು" ಎಂದು ಹೇಳಿ ಹೇಳಿ ನೋಡಿದರು. ಎರಡು ನಿಮಿಷದಲ್ಲಿ ಮುಗಿಯಿತು. "ಚಂದ ಬರೀರಿ" ಎಂದು ಕಳಿಸಿದರು. ಇವರು ಪೂರ್ತಿ ಪರೀಕ್ಷೆ ಬರೆದರು. ಕಟ್‌ಆಫ್ ಸ್ವಲ್ಪದರಲ್ಲಿ ತಪ್ಪಿತು. ಆ ಬೇಸರ ಬೇರೆಲ್ಲ ಅಭ್ಯರ್ಥಿಗಳಿಗೆ ಇರುವಂಥದ್ದೇ. ಮರುವಾರವೇ ಮತ್ತೆ ಲೈಬ್ರರಿಗೆ ಹೋದರು.

ಇದನ್ನು ಗೆಲುವು ಎಂದು ಬರೆಯಲು ನನಗೆ ಮನಸ್ಸಿಲ್ಲ. ಆ ಪೇದೆ ಪತ್ರ ಓದಿದ್ದರು, ಅವರಿಗೆ ಕರುಣೆ ಇತ್ತು, ಅವತ್ತು ಅವರಿಗೇ ಡ್ಯೂಟಿ ಬಿತ್ತು. ಇನ್ನೊಂದು ಕೇಂದ್ರ, ಇನ್ನೊಬ್ಬರು ಸಿಬ್ಬಂದಿ ಆಗಿದ್ದರೆ ಗೊತ್ತಿಲ್ಲ. ಪ್ರತಿ ಕೇಂದ್ರದಲ್ಲೂ ಒಂದು ಮರೆ, ಅಲ್ಲಿ ಇಬ್ಬರು ಸಿಬ್ಬಂದಿ ಇರಲಿ ಎಂದು ಕೇಳುವುದು ಇವರೊಬ್ಬರಿಗಾಗಿ ಅಲ್ಲ. ಬುರ್ಖಾ ಹಾಕುವ ಹುಡುಗಿಯರು ಈ ಊರಲ್ಲಿ ಎಷ್ಟು ಜನ ಪರೀಕ್ಷೆ ಬರೆಯುತ್ತಾರೆ! ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಆದವರು, ಇನ್ಸುಲಿನ್ ಪಂಪ್ ಇರುವವರು, ತುಂಬು ಗರ್ಭಿಣಿಯರು ಎಲ್ಲರಿಗೂ ಬೇಕು. ಒಂದು ಪರದೆ, ಎರಡು ಕುರ್ಚಿಯ ಖರ್ಚು.

ಮನೆ

ತಾಯಿ ಒಂದು ಸಲ ನನ್ನನ್ನು ನೋಡಲು ಬಂದರು. ಅದಕ್ಕೂ ಮೊದಲು ಊರ ದೇವರಿಗೆ ಹರಕೆ, ಬಂದೇನವಾಜ್ ದರ್ಗಾದಲ್ಲಿ ದಾರ, ಒಬ್ಬ ವೈದ್ಯರ ಹತ್ತಿರ ಟಾನಿಕ್ ಎಲ್ಲ ಆಗಿತ್ತು. "ಇದಕ್ಕ ಔಷಧ ಅದ ಏನ್ರಿ ಬಾಯಾರ?" ಎಂದು ಕೇಳಿದರು. ಇದು ರೋಗ ಅಲ್ಲ ಎಂದೆ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಯಾದ ತನ್ನ ರೋಗಗಳ ಪಟ್ಟಿಯಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದಿದೆ. 'ಬದಲಾಯಿಸುವ ಚಿಕಿತ್ಸೆ' ಕೊಡುವುದು ವೃತ್ತಿಯ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ತಾಯಿಗೆ ಇದನ್ನೆಲ್ಲ ಅವರ ಮಾತಿನಲ್ಲಿ ಹೇಳಿದೆ. ಅವರು ಕೇಳಿಸಿಕೊಂಡರು. ಆದರೆ ಅವರ ನಿಜವಾದ ಭಯ ಬೇರೆ: "ನಾವ್ ಸತ್ತ ಮ್ಯಾಲ ಇದಕ ಯಾರು?"

ಆ ಪ್ರಶ್ನೆಗೆ ನನ್ನ ಹತ್ತಿರ ಸಿದ್ಧ ಉತ್ತರ ಇರಲಿಲ್ಲ. ಅಕ್ಕ ಪಕ್ಕದಲ್ಲೇ ಕೂತಿದ್ದರು. "ನಾ ಅದೀನಲ್ಲ" ಎಂದರು. ತಾಯಿ ಈಗಲೂ ಮಗಳು ಎಂದೇ ಕರೆಯುತ್ತಾರೆ. ಅವ್ವನ ಬಾಯಲ್ಲಿ ಆ ಮಾತು ಚುಚ್ಚುವುದಿಲ್ಲ, ಬೇರೆಯವರು ಅಂದರೆ ಚುಚ್ಚುತ್ತದೆ ಎಂದು ಅವರು ಹೇಳುತ್ತಾರೆ. ವರ ನೋಡುವುದು ಸದ್ಯಕ್ಕೆ ನಿಂತಿದೆ. ಊರಿನಲ್ಲಿ ಸಡಿಲ ಕುರ್ತಾ ಹಾಕಿದರೆ ಸಾಕು, ದುಪಟ್ಟಾ ಬೇಡ ಎಂಬಲ್ಲಿಗೆ ಮಾತುಕತೆ ಬಂದಿದೆ.

ತಂದೆ ಮಾತು ಕಡಿಮೆ. ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದಾದರೆ ಮೊದಲು ಅಪ್ಪನಿಗೆ ಹೇಳಬೇಕು ಎಂದು ಅವರು ನಿರ್ಧರಿಸಿದ್ದರು. 2024ರ ಕೊನೆಗೆ ಹೊಲದಲ್ಲೇ ಹೇಳಿದರು. ತಂದೆ ಬಹಳ ಹೊತ್ತು ಸುಮ್ಮನಿದ್ದು ಕೇಳಿದ್ದು ಒಂದೇ: "ಆ ಸರ್ಟಿಫಿಕೇಟ್ ತೊಗೊಂಡ್ರ ನಿನ್ನ ಹೊಲದ ಪಾಲಿಗಿ ತೊಂದ್ರಿ ಬರಂಗಿಲ್ಲಲ್ಲ?"

ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಒಬ್ಬ ವಕೀಲರನ್ನು ಕೇಳಿದೆವು. ಹಿಂದೂ ಉತ್ತರಾಧಿಕಾರ ಕಾನೂನಿನ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಮಗನಿಗೂ ಮಗಳಿಗೂ ಪಾಲು ಸಮ. ಆದರೆ ಕಾನೂನಿನ ಭಾಷೆಯಲ್ಲಿ ಇರುವುದು ಮಗ, ಮಗಳು ಎಂಬ ಎರಡೇ ಮಾತು. ನಾಳೆ ದಾಯಾದಿಗಳು ಆ ಎಳೆ ಹಿಡಿದು ತಕರಾರು ತೆಗೆಯದಂತೆ, ಹೆಸರು, ಆಧಾರ್ ಸಂಖ್ಯೆ ಬರೆದು ಮೃತ್ಯುಪತ್ರ (ವಿಲ್) ನೋಂದಣಿ ಮಾಡಿಸಿಬಿಡಿ ಎಂದು ವಕೀಲರು ಸಲಹೆ ಕೊಟ್ಟರು. ತಂದೆ ಒಪ್ಪಿದರು. ಅಕ್ಕನೂ ಬಂದು ಕರಡು ಓದಿ, ತಕರಾರಿಲ್ಲ ಎಂದರು. ಆಗ ಅಫಿಡವಿಟ್ ಟೈಪಾಗಿತ್ತು, ಅದರ ಜೊತೆ ಪ್ರಮಾಣಪತ್ರದ ಅರ್ಜಿಯೂ ಹೋಗುವುದಿತ್ತು. ಹೆಸರು ಮಾತ್ರ ಸದ್ಯಕ್ಕೆ ಇದ್ದದ್ದೇ ಇರಲಿ ಎಂದಿದ್ದರು. ಮೃತ್ಯುಪತ್ರದ ನೋಂದಣಿಗೆ ತೊಗರಿ ರಾಶಿ ಮುಗಿದ ಮೇಲೆ ಆಳಂದಕ್ಕೆ ಬರುತ್ತೇನೆ ಎಂದು ತಂದೆ ವಕೀಲರಿಗೆ ಹೇಳಿ ಹೋದರು.